ಗೇರುಬೀಜ ಹರಡಿ ಇಟ್ಟರೆ ಜಾಸ್ತಿಯಾಗುತ್ತದಾ? ಒಂದನೇ ಕ್ಲಾಸಿನ ಕ್ರಿಯಾ ಸಂಶೋಧನೆಗೆ ಸಲಹೆ ಬೇಕು

ಒಂದನೇ ಕ್ಲಾಸ್ ಟೀಚರ್, ಬದಿಯಡ್ಕ ಹತ್ತಿರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಬೇಸರ ಮಾಡಬೇಡಿ.

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ಒಂದು ಕನ್ನಡ ಮೀಡಿಯಂ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಒಂದನೇ ಕ್ಲಾಸು ನನ್ನದು. ಮಕ್ಕಳು 19. ದಾಖಲೆಯಲ್ಲಿ ಎಲ್ಲರ ಮಾತೃಭಾಷೆಯೂ ಕನ್ನಡವೇ. ಮನೆಗೆ ಹೋಗಿ ನೋಡಿದರೆ ಕಥೆ ಬೇರೆ. ಎಂಟು ಮಕ್ಕಳ ಮನೆಯಲ್ಲಿ ತುಳು, ಆರು ಮಕ್ಕಳ ಮನೆಯಲ್ಲಿ ಮಲಯಾಳ, ಇಬ್ಬರದ್ದು ಮರಾಟಿ, ಮೂವರದ್ದು ಹವ್ಯಕ ಕನ್ನಡ. ಹವ್ಯಕ ಕನ್ನಡವೂ ಪುಸ್ತಕದ ಕನ್ನಡ ಏನಲ್ಲ, ಆದರೂ ಹತ್ತಿರದ್ದು.

ಕಳೆದ ವಾರ ಒಂದು ತರಬೇತಿಯಲ್ಲಿ ಹೇಳಿಕೊಟ್ಟ ಪ್ರಯೋಗ ಮಾಡಿದೆ. ಈಗ ಗೇರುಬೀಜದ ಸಮಯ, ಮಕ್ಕಳ ಕಿಸೆಯಲ್ಲೇ ಸಾಕಷ್ಟು ಸಿಗುತ್ತದೆ. ಏಳೇಳು ಬೀಜದ ಎರಡು ಸಾಲು ಎದುರುಬದುರು ಇಟ್ಟೆ. "ಎರಡರಲ್ಲೂ ಸಮ ಇದೆಯಾ?" ಅಂತ ಕೇಳಿದೆ. ಎಲ್ಲರೂ ಹೌದು ಅಂದರು. ಆಮೇಲೆ ಒಂದು ಸಾಲಿನ ಬೀಜಗಳನ್ನು ನಾನೇ ದೂರ ದೂರ ಸರಿಸಿದೆ. "ಈಗ ಯಾವುದರಲ್ಲಿ ಜಾಸ್ತಿ ಇದೆ?" 14 ಮಕ್ಕಳು ಉದ್ದ ಸಾಲಿಗೆ ಕೈ ತೋರಿಸಿದರು. ಐದೇ ಮಂದಿ ಸಮ ಅಂದರು. ಆ ಐವರಲ್ಲಿ ಮೂವರು ಹವ್ಯಕರ ಮನೆಯವರು. ಅಂದ್ರೆ ಮನೆಯಲ್ಲಿ ಕನ್ನಡ ಇರುವ ಮೂವರೂ ಪಾಸು!

ಆ ದಿನ ಮಧ್ಯಾಹ್ನದ ಇಂಟರ್‌ವೆಲ್‌ನಲ್ಲಿ ಜಗಲಿ ಪಕ್ಕ ಗೇರುಬೀಜದ ಆಟ ನಡೀತಾ ಇತ್ತು. ಬೆಳಗ್ಗೆ ಉದ್ದ ಸಾಲು ತೋರಿಸಿದ ಒಬ್ಬ ತುಳು ಹುಡುಗ ಪಾಲು ಮಾಡುತ್ತಿದ್ದ. ತನ್ನದನ್ನು ರಾಶಿ ಹಾಕಿದ್ದ, ಜೊತೆಯವನದ್ದು ನೆಲದಲ್ಲಿ ಚೆಲ್ಲಾಪಿಲ್ಲಿ ಬಿದ್ದಿತ್ತು. ಮೂರನೆಯವನೊಬ್ಬ ಬಂದು "ಅವನಿಗೆ ಜಾಸ್ತಿ ಸಿಕ್ಕಿತು" ಅಂದ. ಇವನು ತಲೆ ಎತ್ತದೆ "ರಡ್ಡ್‌ಲಾ ಒಂಜೇ ಮಾರಾಯ" ಅಂದ. ಎರಡೂ ಒಂದೇ ಅಂತ. ನಾನು ಕೈ ತೊಳೆಯುತ್ತಿದ್ದವಳು ಹಾಗೇ ನಿಂತುಬಿಟ್ಟೆ.

ಈಗ ಸಮಸ್ಯೆ ಎಂತ ಅಂದ್ರೆ, ತರಬೇತಿಯಲ್ಲಿ ಕೊಟ್ಟ ಹಾಳೆಯಲ್ಲಿ ಒಂದು ಕಾಲಂ ಉಂಟು. ಸಂಖ್ಯೆಯ ಕಲ್ಪನೆ ಬಂದಿದೆ, ಬಂದಿಲ್ಲ. ಯಾವುದಾದರೂ ಒಂದಕ್ಕೆ ಟಿಕ್ ಹಾಕಲೇಬೇಕು. "ಬಂದಿಲ್ಲ" ಅಂತ 14 ಟಿಕ್ ಹಾಕಲು ನನ್ನ ಕೈ ಬರುತ್ತಿಲ್ಲ. ಇದನ್ನೇ ಈ ವರ್ಷದ ಕ್ರಿಯಾ ಸಂಶೋಧನೆ (ಟೀಚರ್ ತನ್ನ ಕ್ಲಾಸಿನಲ್ಲೇ ಮಾಡುವ ಸಣ್ಣ ಅಧ್ಯಯನ) ಮಾಡೋಣ ಅಂತಿದ್ದೇನೆ. ನನ್ನ ಪ್ರಶ್ನೆ ಎರಡು. ಇದು ಭಾಷೆಯಿಂದ ಆದದ್ದು ಅಂತ ಹೇಳಬಹುದಾ? 19 ಮಕ್ಕಳು ಸಾಕಾ, ಅಥವಾ ಪಕ್ಕದ ಶಾಲೆಯವರನ್ನೂ ಸೇರಿಸಬೇಕಾ? ಇಲ್ಲಿ ವಿಜ್ಞಾನದವರೂ ಆಸ್ಪತ್ರೆಯ ಲೆಕ್ಕ ಗೊತ್ತಿರುವವರೂ ಇದ್ದೀರಿ, ಬೈಯದೆ ಹೇಳಿ.

ರಿಟೈರ್ಡ್ ಮಾಷ್ಟ್ರು, ಕುಂಬಳೆ

ಟೀಚರೇ, ಇದು ಜೀನ್ ಪಿಯಾಜೆಯವರ ಪ್ರಯೋಗ. ಸ್ವಿಜರ್‌ಲೆಂಡಿನ ಮನಶ್ಶಾಸ್ತ್ರಜ್ಞರು, 1896ರಿಂದ 1980ರ ತನಕ ಬದುಕಿದ್ದರು. ನಾವು ಟಿ.ಟಿ.ಸಿ. (ಶಿಕ್ಷಕರ ತರಬೇತಿ) ಮಾಡುವಾಗ ಇದನ್ನು ಬಾಯಿಪಾಠ ಮಾಡಿದ್ದೆವು. ಆರೇಳು ವರ್ಷದ ತನಕ ಮಗುವಿಗೆ ಕಣ್ಣಿಗೆ ಕಂಡದ್ದೇ ಲೆಕ್ಕ, ಸಾಲು ಉದ್ದವಾದರೆ ಸಂಖ್ಯೆಯೂ ಜಾಸ್ತಿ ಅಂತ. ಪರೀಕ್ಷೆಯಲ್ಲಿ ಬರೆದು ಮಾರ್ಕೂ ತೆಗೆದೆವು. ಒಂದೇ ಒಂದು ಮಗುವಿನ ಮುಂದೆ ಮಾಡಿ ನೋಡಲಿಲ್ಲ. ನೀವು ನೋಡಿದ್ದೀರಿ, ಅಷ್ಟಕ್ಕೇ ನಿಮಗೊಂದು ನಮಸ್ಕಾರ.

ನೀವು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದ್ದೀರಿ. ಸರಿಸುವ ಮೊದಲು ಒಂದು ಸಲ, ಸರಿಸಿದ ಮೇಲೆ ಒಂದು ಸಲ. ನಮ್ಮ ಶಾಲೆಗಳಲ್ಲಿ ಟೀಚರ್ ಅದೇ ಪ್ರಶ್ನೆಯನ್ನು ಪುನಃ ಕೇಳುವುದು ಯಾವಾಗ? ಮೊದಲನೇ ಉತ್ತರ ತಪ್ಪಾದಾಗ. ಒಂದನೇ ಕ್ಲಾಸಿನ ಮಗುವಿಗೂ ಇದು ಜೂನ್ ತಿಂಗಳಲ್ಲೇ ಗೊತ್ತಾಗಿರುತ್ತದೆ. "ಸಮ ಅಂದೆ, ಟೀಚರ್ ಪುನಃ ಕೇಳುತ್ತಿದ್ದಾರೆ, ಹಾಗಾದರೆ ಸಮ ಅಲ್ಲ" ಅಂತ ಅದು ಉತ್ತರ ಬದಲಾಯಿಸುತ್ತದೆ. ಇದು ಬರೀ ನನ್ನ ಊಹೆ ಅಲ್ಲ. 1974ರಲ್ಲಿ ಸೂಸನ್ ರೋಸ್ ಮತ್ತು ಮೇರಿಯನ್ ಬ್ಲ್ಯಾಂಕ್ ಮೊದಲನೇ ಪ್ರಶ್ನೆಯನ್ನು ಬಿಟ್ಟು, ಸರಿಸಿದ ಮೇಲೆ ಒಂದೇ ಸಲ ಕೇಳಿ ನೋಡಿದರು. ಆರು ವರ್ಷದ ಮಕ್ಕಳ ತಪ್ಪು ಕಡಿಮೆಯಾಯಿತು.

ಇನ್ನೊಂದು. ಬೀಜ ಸರಿಸಿದವರು ಯಾರು? ನೀವೇ. ದೊಡ್ಡವರು ಎಲ್ಲರ ಎದುರು ಬೇಕಂತಲೇ ಒಂದು ಕೆಲಸ ಮಾಡಿ ಕೂಡಲೇ ಪ್ರಶ್ನೆ ಕೇಳಿದರೆ, ಪ್ರಶ್ನೆ ಆ ಕೆಲಸದ ಬಗ್ಗೆಯೇ ಅಂತ ಮಗು ಅಂದುಕೊಳ್ಳುತ್ತದೆ. ಉದ್ದ ಮಾಡಿದ್ದೀರಿ, ಹಾಗಾಗಿ ಉದ್ದದ್ದನ್ನು ತೋರಿಸಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜೇಮ್ಸ್ ಮೆಕ್‌ಗ್ಯಾರಿಗಲ್, ಮಾರ್ಗರೆಟ್ ಡೊನಾಲ್ಡ್‌ಸನ್ ಅನ್ನುವವರು ನಾಲ್ಕರಿಂದ ಆರು ವರ್ಷದ 80 ಮಕ್ಕಳ ಜೊತೆ ಒಂದು ಉಪಾಯ ಮಾಡಿದರು. ಪೆಟ್ಟಿಗೆಯೊಳಗೆ ಒಂದು ಪೋಕರಿ ಗೊಂಬೆಕರಡಿ. ಅದು ಹೊರಗೆ ಹಾರಿ ಬಂದು ಸಾಲನ್ನು ಹಾಳು ಮಾಡುತ್ತದೆ. ಮಾಮೂಲಿನ ಹಾಗೆ ದೊಡ್ಡವರೇ ಸರಿಸಿದಾಗ ಸರಿ ಹೇಳಿದವರು ಆರರಲ್ಲಿ ಒಬ್ಬರಷ್ಟು. ಕರಡಿ ಹಾಳು ಮಾಡಿದಾಗ ಅರ್ಧಕ್ಕಿಂತ ಜಾಸ್ತಿ!

ಆದರೆ ಕುಣಿಯಬೇಡಿ. 1986ರಲ್ಲಿ ಮೂರ್ ಮತ್ತು ಫ್ರೈ ಅನ್ನುವ ಇಬ್ಬರು ಇದಕ್ಕೂ ತಕರಾರು ತೆಗೆದರು. ಕರಡಿಯ ಕುಣಿತ ನೋಡುತ್ತಾ ಮಗು ಸಾಲನ್ನೇ ಗಮನಿಸದೆ ಸುಮ್ನೆ "ಸಮ" ಅನ್ನಬಹುದಲ್ವಾ? ಹಾಗಾಗಿ ಒಂದೆರಡು ಸಲ ನಿಮ್ಮ ಕರಡಿ ಒಂದು ಬೀಜ ಕದ್ದುಕೊಂಡೇ ಹೋಗಲಿ. ಆಗಲೂ "ಸಮ" ಅನ್ನುವ ಮಗು ನಿಮ್ಮನ್ನು ನೋಡಲಿಲ್ಲ, ಬೀಜವನ್ನೂ ನೋಡಲಿಲ್ಲ, ಕರಡಿಯನ್ನು ಮಾತ್ರ ನೋಡಿದೆ.

ಅಂಗಡಿಯವ, ಮುಳ್ಳೇರಿಯ

ಇಷ್ಟೆಲ್ಲ ಯಾಕೆ ಮಾರಾಯ್ರೆ? ನನ್ನ ಮಗಳು ಎರಡನೇ ಕ್ಲಾಸು. ಗಲ್ಲಾದಲ್ಲಿ ಕೂತರೆ ಚಿಲ್ಲರೆ ಒಂದು ರೂಪಾಯಿ ಆಚೆ ಈಚೆ ಆಗುವುದಿಲ್ಲ. ಶಾಲೆಯ ಪುಸ್ತಕದಲ್ಲಿ ಅದೇ ಲೆಕ್ಕ ತಪ್ಪು. ಮಕ್ಕಳನ್ನು ಅಂಗಡಿಗೆ ಕಳಿಸಿ, ಗೇರುಬೀಜ ತೂಕಕ್ಕೆ ಹಾಕಿ.

ರಿಟೈರ್ಡ್ ಮಾಷ್ಟ್ರು, ಕುಂಬಳೆ

ಅಣ್ಣಾ, ನೀವು ತಮಾಷೆಗೆ ಹೇಳಿದ್ದರ ಮೇಲೆ ಒಂದು ದೊಡ್ಡ ಸಂಶೋಧನೆಯೇ ಉಂಟು. 1985ರದ್ದು, ಬ್ರೆಜಿಲ್ ದೇಶದ ರೆಸಿಫೆ ಪಟ್ಟಣದ್ದು. ಮಾಡಿದವರು ಕ್ಯಾರಹರ್ ದಂಪತಿ ಮತ್ತು ಶ್ಲೀಮನ್ ಅನ್ನುವ ಸಂಶೋಧಕರು. ಬೀದಿಯಲ್ಲಿ ವ್ಯಾಪಾರ ಮಾಡುವ ಐದು ಮಕ್ಕಳ ಹತ್ತಿರ ಗಿರಾಕಿಗಳ ಹಾಗೆ ಹೋಗಿ ಲೆಕ್ಕ ಕೇಳಿದರು. 98% ಸರಿ. ಆಮೇಲೆ ಅದೇ ಲೆಕ್ಕಗಳನ್ನು ಕೂರಿಸಿ ಕೇಳಿದರು. ಕಥೆಯ ರೂಪದಲ್ಲಿ ಕೇಳಿದಾಗ 74%, ಬರೀ ಅಂಕಿ ಕೊಟ್ಟಾಗ 37%. ಅದರಲ್ಲಿ 12 ವರ್ಷದ ಒಂದು ಮಗು ತೆಂಗಿನಕಾಯಿ ಮಾರುತ್ತಿತ್ತು. ಒಂದಕ್ಕೆ 35, ಹತ್ತಕ್ಕೆ ಎಷ್ಟು? ನಾವಾದರೆ ಸೊನ್ನೆ ಸೇರಿಸುತ್ತೇವೆ. ಆ ಮಗು ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಇನ್ನು ನಾಲ್ಕು ಬೇಕು, ಅಂತ ಹೋಗಿ 350ಕ್ಕೆ ಮುಟ್ಟಿತು. ನಮ್ಮಲ್ಲಿ ಕಾಯಿ ಎಣಿಸುವವರೂ ಹೀಗೇ ಗುಂಪು ಮಾಡಿ ಎಣಿಸುವುದಲ್ವಾ?

ಫಿಸಿಕ್ಸ್ ರಿಸರ್ಚ್, ಪೆರಿಯ

ಟೀಚರೇ, ನನಗೆ ಮಕ್ಕಳ ವಿಷಯ ಗೊತ್ತಿಲ್ಲ. ಥಿಯರಿ ಫಿಸಿಕ್ಸ್ ಓದುವವ ನಾನು. ಆದರೆ ನಿಮ್ಮ ಪೋಸ್ಟಿನಲ್ಲಿ ಒಂದು ಮಾತು ನನ್ನನ್ನು ಚುಚ್ಚಿತು. "ಎಲ್ಲರೂ ಹೌದು ಅಂದರು." ಒಟ್ಟಿಗೆ ಕೇಳಿದ್ದಾ? ಎಲ್ಲರ ಎದುರು ಕೈ ತೋರಿಸಿದ್ದಾ?

ಹಾಗಾದರೆ ನಿಮ್ಮ ಹತ್ತಿರ 19 ಉತ್ತರ ಇಲ್ಲ. ನಮ್ಮಲ್ಲಿ ಈಸಿಂಗ್ ಮಾಡೆಲ್ ಅಂತ ಒಂದುಂಟು. ಅಯಸ್ಕಾಂತದೊಳಗಿನ ಒಂದೊಂದು ಕಣವೂ ಒಂದು ಬಾಣ ಅಂತ ಇಟ್ಟುಕೊಳ್ಳಿ. ಮೇಲೆ ಅಥವಾ ಕೆಳಗೆ, ಎರಡೇ ದಿಕ್ಕು. ಪ್ರತಿ ಬಾಣಕ್ಕೂ ಪಕ್ಕದ ಬಾಣದ ಹಾಗೆ ತಿರುಗುವ ಆಸೆ. ಬಿಸಿ ಜಾಸ್ತಿಯಾದರೆ ಮನಸ್ಸಿಗೆ ಬಂದ ಹಾಗೆ ತಿರುಗುತ್ತವೆ. ಎರ್ನ್‌ಸ್ಟ್ ಈಸಿಂಗ್ 1925ರಲ್ಲಿ ಇದನ್ನು ಒಂದೇ ಸಾಲಿಗೆ ಬಿಡಿಸಿದರು. ಸಾಲಿನಲ್ಲಿ ಎಲ್ಲೋ ಒಂದು ಕಡೆ ಸರಪಳಿ ತುಂಡಾಗಿಯೇ ಆಗುತ್ತದೆ, ಎಲ್ಲ ಬಾಣಗಳೂ ತಾವಾಗಿ ಒಂದೇ ಕಡೆ ನಿಲ್ಲುವುದಿಲ್ಲ. ಮೂರು ಆಯಾಮದಲ್ಲೂ ಹಾಗೇ ಇರಬೇಕು ಅಂದುಕೊಂಡರು ಪಾಪ. ಅದು ತಪ್ಪಾಗಿತ್ತು. ಚೌಕಾಕಾರದ ಜಾಲಕ್ಕೆ ಲಾರ್ಸ್ ಓನ್ಸಾಗರ್ 1944ರಲ್ಲಿ ಪೂರ್ತಿ ಲೆಕ್ಕ ಬಿಡಿಸಿದರು. ಬಿಸಿ ಒಂದು ಮಟ್ಟಕ್ಕಿಂತ ಇಳಿದರೆ ಇಡೀ ಜಾಲ ಒಂದೇ ಕಡೆ ವಾಲುತ್ತದೆ.

ನಿಮ್ಮ ಕ್ಲಾಸು ಈ ಜಾಲದ ಹಾಗೆ. ಪಕ್ಕದವ, ಹಿಂದಿನವ, ಮುಂದಿನವ. ಇದರ ಮೇಲೆ ಇನ್ನೊಂದುಂಟು, ನಾವು ಹೊರಗಿನ ಕಾಂತಕ್ಷೇತ್ರ ಅನ್ನುತ್ತೇವೆ. ನಿಮ್ಮ ಕ್ಲಾಸಿನಲ್ಲಿ ಅದು ನಿಮ್ಮ ಹುಬ್ಬು. ನೀವು ಸ್ವಲ್ಪ ಏರಿಸಿದರೂ 19 ಬಾಣಗಳೂ ತಿರುಗುತ್ತವೆ. ಮಕ್ಕಳು ಕಬ್ಬಿಣದ ಕಣ ಅಲ್ಲ ಅಂತ ನನಗೂ ಗೊತ್ತು, ಹೋಲಿಕೆ ಇಲ್ಲಿಗೆ ಸಾಕು. ಒಬ್ಬೊಬ್ಬರನ್ನೇ ಬೇರೆ ಕೋಣೆಗೆ ಕರೆಯಿರಿ. ಕೇಳಿ ಹೊರಗೆ ಬಂದವರು ಒಳಗೆ ಹೋಗದವರ ಜೊತೆ ಕೂರಬಾರದು. ನಿಮ್ಮ ಹುಬ್ಬು ಕಾಣದ ಹಾಗೆ ಬೇರೆಯವರು ಕೇಳಿದರೆ ಇನ್ನೂ ಒಳ್ಳೆಯದು.

ಒಂದನೇ ಕ್ಲಾಸ್ ಟೀಚರ್, ಬದಿಯಡ್ಕ ಹತ್ತಿರ

ಅಯ್ಯೋ, ಒಟ್ಟಿಗೇ ಕೇಳಿದ್ದು. ಮೊದಲ ಬೆಂಚಿನ ಹುಡುಗಿ ಕೈ ಎತ್ತಿದ ಕೂಡಲೇ ಹಿಂದಿನಿಂದ ಕೈಗಳು ಏಳುವುದು ದಿನಾ ನೋಡುತ್ತೇನೆ. ಆದರೂ ಹೊಳೆಯಲಿಲ್ಲ. ಆ ಮೂವರು ಹವ್ಯಕ ಮಕ್ಕಳೂ ಒಂದೇ ಬೆಂಚಿನವರು, ಒಂದೇ ಜೀಪಿನಲ್ಲಿ ಬರುವವರು. ಈಗ ನನಗೆ ನಗುವೂ ಬರುತ್ತಿದೆ, ನಾಚಿಕೆಯೂ ಆಗುತ್ತಿದೆ.

ಮಧ್ಯಾಹ್ನದ ಅಡುಗೆ ಮಾಡುವ ಅಕ್ಕನಿಗೆ ತುಳು, ಮಲಯಾಳ ಎರಡೂ ನೀರು ಕುಡಿದ ಹಾಗೆ. ಕರಡಿಯ ಬದಲು ಕಾಲುಚೀಲದ ಬೆಕ್ಕು ಮಾಡಿ ಅಕ್ಕನ ಕೈಗೆ ಕೊಟ್ಟು, ಮನೆಮಾತಿನಲ್ಲೇ ಕೇಳಿಸಲಾ?

ಆಸ್ಪತ್ರೆ ಲೆಕ್ಕದವಳು, ಉಪ್ಪಳ–ಮಂಗಳೂರು

ಟೀಚರೇ, ಆ ಅಕ್ಕನನ್ನು ಕರೆಯಿರಿ, ಆದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ. ಬೆಕ್ಕೂ ಹೊಸದು, ಭಾಷೆಯೂ ಹೊಸದು, ಕೇಳುವವರೂ ಹೊಸಬರು ಅಂದ್ರೆ, ಉತ್ತರ ಬದಲಾದಾಗ ಯಾವುದರಿಂದ ಅಂತ ಹೇಳುತ್ತೀರಿ? ಎರಡು ಸಲವೂ ಅಕ್ಕನೇ ಕೇಳಲಿ, ಎರಡು ಸಲವೂ ಕನ್ನಡದಲ್ಲೇ. ಸರಿಸುವುದು ಮಾತ್ರ ಒಂದು ಸಲ ಅಕ್ಕ, ಒಂದು ಸಲ ಬೆಕ್ಕು. ತುಳು, ಮಲಯಾಳದ ಸುತ್ತು ಆಮೇಲೆ.

ನಾನು ಕೆಲಸ ಮಾಡುವುದು ಔಷಧಿ ಪರೀಕ್ಷೆಯ ಅಂಕಿಅಂಶದಲ್ಲಿ. ಅಲ್ಲಿ ಒಂದು ರೂಢಿ ಉಂಟು, ಒಬ್ಬರೇ ರೋಗಿಗೆ ಎರಡೂ ಔಷಧಿಯನ್ನು ಬೇರೆ ಬೇರೆ ಸಮಯದಲ್ಲಿ ಕೊಡುವುದು. ಅರ್ಧ ಜನಕ್ಕೆ ಮೊದಲು ಇದು, ಇನ್ನರ್ಧಕ್ಕೆ ಮೊದಲು ಅದು. ಯಾರಿಗೆ ಯಾವುದು ಮೊದಲು ಅಂತ ಚೀಟಿ ಎತ್ತಿ ನಿರ್ಧಾರ. ನೀವೂ ಹಾಗೇ ಮಾಡಿ. ಆಗ ಪ್ರತಿ ಮಗುವೂ ತನ್ನ ಜೊತೆಗೇ ಹೋಲಿಕೆಯಾಗುತ್ತದೆ. ಮನೆಮಾತು, ಅಂಗನವಾಡಿಗೆ ಹೋದದ್ದು, ಅಪ್ಪನ ಅಂಗಡಿ, ಎಲ್ಲವೂ ಎರಡೂ ಕಡೆ ಸಮ.

ಲೆಕ್ಕ ಸುಲಭ. ಎರಡೂ ಸಲ ಸರಿ ಹೇಳಿದವರನ್ನು ಬಿಡಿ. ಎರಡೂ ಸಲ ತಪ್ಪು ಹೇಳಿದವರನ್ನೂ ಬಿಡಿ. ಬದಲಾದವರನ್ನು ಮಾತ್ರ ಎಣಿಸಿ. ಹತ್ತು ಮಕ್ಕಳು ಬದಲಾದರು, ಒಂಬತ್ತು ಮಂದಿ ಬೆಕ್ಕಿನ ಕಡೆ, ಅಂದ್ರೆ ಬೆಕ್ಕು ಸರಿಸಿದಾಗ ಮಾತ್ರ ಸರಿ, ಅಂತ ಇಟ್ಟುಕೊಳ್ಳಿ. ಬೆಕ್ಕಿನಿಂದ ಏನೂ ವ್ಯತ್ಯಾಸ ಇಲ್ಲ ಅಂತಾದರೆ ಇದು ಹತ್ತು ಸಲ ನಾಣ್ಯ ಚಿಮ್ಮಿದ ಹಾಗೆ. ಒಂಬತ್ತೋ ಹತ್ತೋ ಒಂದೇ ಕಡೆ ಬೀಳುವುದು, ಎರಡೂ ಕಡೆಯ ಸಾಧ್ಯತೆ ಸೇರಿಸಿದರೆ, 1024ರಲ್ಲಿ 22. ಸುಮಾರು 2%. ಅಷ್ಟು ಸಿಕ್ಕಿದರೆ ಬೆಕ್ಕಿಗೆ ಹಾಲು ಕೊಡಬಹುದು.

19 ಸಾಕಾ ಅಂತ ಕೇಳಿದಿರಿ. ಬೆಕ್ಕಿನ ಪ್ರಶ್ನೆಗೆ ಸಾಕಾಗಬಹುದು. "ಕಾಸರಗೋಡಿನ ಮಕ್ಕಳು ಹೀಗೆ" ಅಂತ ಹೇಳಲು ಸಾಲದು. ಒಂದೇ ಕ್ಲಾಸಿನವರು, ಒಬ್ಬರೇ ಟೀಚರು, ಉತ್ತರಗಳೂ ಒಂದಕ್ಕೊಂದು ನಂಟು. ನಂಟೇ ಇಲ್ಲದಿದ್ದರೆ 0, ಎಲ್ಲರದ್ದೂ ಒಂದೇ ಉತ್ತರ ಆದರೆ 1. ಅದು 0.2 ಅಂತ ಹಿಡಿದರೆ, ಒಬ್ಬರನ್ನು ಬಿಟ್ಟು ಉಳಿದ 18ನ್ನು 0.2ರಿಂದ ಗುಣಿಸಿ 1 ಕೂಡಿಸಿ, ಅಂದ್ರೆ 4.6. 19ನ್ನು 4.6ರಿಂದ ಭಾಗಿಸಿ. ನಾಲ್ಕು ಮಕ್ಕಳಷ್ಟೇ ಮಾಹಿತಿ. ಪೆರಿಯದವರು ಬಾಣದಲ್ಲಿ ಹೇಳಿದ್ದನ್ನೇ ನಾವು ಹೀಗೆ ಹೇಳುತ್ತೇವೆ.

ಇನ್ನು ಭಾಷೆಯಿಂದಲೇ ಆದದ್ದಾ ಅನ್ನುವುದು. ಕಾಯಿಲೆ ಹರಡುವ ಲೆಕ್ಕದಲ್ಲಿ 1927ರ ಒಂದು ಪ್ರಬಂಧ ನಮಗೆಲ್ಲ ಮೊದಲ ಪಾಠ. ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಅವರದ್ದು. ಊರಿನವರನ್ನು ಮೂರು ಪಾಲು ಮಾಡುತ್ತಾರೆ. ಇನ್ನೂ ಕಾಯಿಲೆ ತಾಗದವರು, ತಾಗಿದವರು, ವಾಸಿಯಾದವರೋ ತೀರಿಕೊಂಡವರೋ. ಅದರಲ್ಲಿ ಮುಂಬೈಯ 1905–06ರ ಪ್ಲೇಗಿನ ಸಾವುಗಳ ಚಿತ್ರ ಉಂಟು. ಲೆಕ್ಕದ ಗೆರೆ ಎಷ್ಟು ಚಂದ ಕೂತಿದೆ ಅಂದ್ರೆ ಚುಕ್ಕಿಗಳ ಮೇಲೆಯೇ ಎಳೆದ ಹಾಗೆ. ಆದರೆ ಆ ಮೂರು ಪಾಲಿನಲ್ಲಿ ಇಲಿಗೆ ಜಾಗವೇ ಇಲ್ಲ. ಪ್ಲೇಗು ಬಂದದ್ದು ಇಲಿಯ ಚಿಗಟದಿಂದ. ಬರೆದವರಿಗೂ ಅದು ಗೊತ್ತಿತ್ತು, ಎಚ್ಚರಿಕೆಯ ಮಾತನ್ನೂ ಬರೆದಿದ್ದಾರೆ. ಗೆರೆ ಕೂತ ಮಾತ್ರಕ್ಕೆ ಕಾರಣ ಸಿಕ್ಕಿತು ಅಂತಲ್ಲ. ಹವ್ಯಕ ಮಕ್ಕಳು ಮೂರಕ್ಕೆ ಮೂರು ಸರಿ, ಹಾಗಾಗಿ ಭಾಷೆ ಅಂತ ನೀವು ಗೆರೆ ಎಳೆದಿರಿ. ಚಂದವಾಗಿಯೇ ಕೂತಿತು. ನಿಮ್ಮ ಇಲಿ ಆ ಬೆಂಚು.

ಆ ಟಿಕ್ ಹಾಕುವ ಹಾಳೆಯ ಬಗ್ಗೆ ಒಂದು ಮಾತು, ನನಗೆ ಅದರ ಮೇಲೆಯೇ ಸಿಟ್ಟು. 100 ಮಕ್ಕಳಲ್ಲಿ ಐವರಿಗೆ ನಿಜವಾಗಿ ತೊಂದರೆ ಇದೆ ಅಂತ ಇಟ್ಟುಕೊಳ್ಳಿ. ಪರೀಕ್ಷೆ ಒಳ್ಳೆಯದೇ, ಐವರಲ್ಲಿ ನಾಲ್ವರನ್ನು ಹಿಡಿಯುತ್ತದೆ. ತೊಂದರೆ ಇಲ್ಲದವರಲ್ಲಿ ಹತ್ತಕ್ಕೆ ಒಬ್ಬರನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ. ಆದರೂ 95ರಲ್ಲಿ ಒಂಬತ್ತು ಹತ್ತು ಮಕ್ಕಳು ಸುಮ್ನೆ ಸಿಕ್ಕಿಬಿದ್ದರು. ಟಿಕ್ ಬಿದ್ದ 14 ಜನರಲ್ಲಿ ನಿಜವಾದವರು ನಾಲ್ಕೇ. ಪೆನ್ಸಿಲಿನಲ್ಲಿ ಹಾಕಿ.

ಒಂದನೇ ಕ್ಲಾಸ್ ಟೀಚರ್, ಬದಿಯಡ್ಕ ಹತ್ತಿರ

ಹನ್ನೆರಡು ದಿನ ಕಳೆದು ಬರೆಯುತ್ತಿದ್ದೇನೆ. ಮಾಡಿದೆವು.

ಬೆಕ್ಕು ನನ್ನ ಯಜಮಾನರ ಹಳೇ ಕಪ್ಪು ಕಾಲುಚೀಲ. ಕಣ್ಣಿಗೆ ಎರಡು ಮಂಜೊಟ್ಟಿ ಕಾಳು. ಅಡುಗೆಯ ಅಕ್ಕ ಶುರುವಿಗೆ "ನನಗೆಂತ ಪರೀಕ್ಷೆ ಮಾಡಲು ಬರುತ್ತದಾ" ಅಂತ ನಾಚಿಕೊಂಡರು. ಮೂರನೇ ಮಗುವಿನ ಹೊತ್ತಿಗೆ ಬೆಕ್ಕಿಗೆ ಒಂದು ಗುರುಗುರು ಶಬ್ದವೂ ಬಂದಿತ್ತು. ಅದನ್ನು ನಿಲ್ಲಿಸಿ ಅಂದೆ, ಮೊದಲ ಇಬ್ಬರಿಗೆ ಇರಲಿಲ್ಲವಲ್ಲ. ಅನ್ನ ಬೇಯುವ ಹೊತ್ತು ಬಿಟ್ಟು ಉಳಿದ ಸಮಯದಲ್ಲಿ ಮಾಡಬೇಕಾಯಿತು, ಹಾಗಾಗಿ ನಾಲ್ಕು ದಿನ ಹಿಡಿಯಿತು. ಒಬ್ಬಳಿಗೆ ಜ್ವರ, 18 ಮಕ್ಕಳು ಸಿಕ್ಕಿದರು.

ನಾಲ್ವರು ಎರಡೂ ಸಲ ಸರಿ. ಐವರು ಎರಡೂ ಸಲ ತಪ್ಪು. ಎಂಟು ಮಕ್ಕಳು ಬೆಕ್ಕು ಸರಿಸಿದಾಗ ಮಾತ್ರ ಸರಿ. ಒಬ್ಬ ಅಕ್ಕ ಸರಿಸಿದಾಗ ಮಾತ್ರ ಸರಿ, ಅವನಿಗೆ ಬೆಕ್ಕನ್ನು ಕಂಡರೆ ಹೆದರಿಕೆಯಂತೆ. ಬದಲಾದವರು ಒಂಬತ್ತು, ಬೆಕ್ಕಿನ ಕಡೆ ಎಂಟು. ನಾಣ್ಯದ ಲೆಕ್ಕ ನಾನೇ ಮಾಡಿದೆ, 512ರಲ್ಲಿ 20, ಸುಮಾರು 4%. ಉಪ್ಪಳದ ಅಕ್ಕ, ತಪ್ಪಿದ್ದರೆ ತಿದ್ದಿ. ಎರಡೂ ಸಲ ತಪ್ಪು ಹೇಳಿದ ಐವರಲ್ಲಿ ಇಬ್ಬರು ತುಳು, ಇಬ್ಬರು ಮಲಯಾಳ, ಒಬ್ಬಳು ಹವ್ಯಕರ ಹುಡುಗಿ. ಬೆಂಚು ಬಿಟ್ಟು ಒಬ್ಬಳೇ ಕೂತಾಗ ಅವಳೂ ಉದ್ದ ಸಾಲನ್ನೇ ತೋರಿಸಿದಳು.

ಮಾಷ್ಟ್ರೇ, ನಿಮ್ಮ ಕಳ್ಳಬೆಕ್ಕಿನ ಸುತ್ತೂ ಆಯಿತು. ಬೆಕ್ಕಿನ ಜೊತೆ ಸರಿ ಹೇಳಿದ ಹನ್ನೆರಡು ಮಕ್ಕಳಲ್ಲಿ ಮೂವರು ಬೀಜ ಕದ್ದ ಮೇಲೂ "ಸಮ" ಅಂದರು. ಹಾಗಾಗಿ ನನ್ನ ಎಂಟನ್ನು ಪೂರ್ತಿ ನಂಬುವ ಹಾಗಿಲ್ಲ. ಅದನ್ನೂ ವರದಿಯಲ್ಲಿ ಬರೆಯುತ್ತೇನೆ. ತುಳು, ಮಲಯಾಳದ ಸುತ್ತು ಮುಂದಿನ ವಾರ. ಅಕ್ಕನಿಗೆ ಒಂದು ಸಂಶಯ ಬಂದಿದೆ. ತುಳುವಿನಲ್ಲಿ "ಮಲ್ಲ" ಅಂದ್ರೆ ದೊಡ್ಡದು, ಆ ಶಬ್ದ ಬಾಯಿಗೆ ಬಂದರೆ ಮಕ್ಕಳು ಪುನಃ ಉದ್ದವನ್ನೇ ನೋಡುತ್ತಾರೆ ಅಂತ. "ಏತ್ ಉಂಡು" ಅಂತ ಎಷ್ಟಿದೆ ಅನ್ನುವುದನ್ನು ಮಾತ್ರ ಕೇಳುವುದು ಅಂತ ನಿಶ್ಚಯ ಮಾಡಿದ್ದೇವೆ. ಇದು ನನಗೆ ಹೊಳೆದಿರಲಿಲ್ಲ, ಅನ್ನ ಬಡಿಸುತ್ತಾ ಅವರೇ ಹೇಳಿದ್ದು. ವರದಿಯಲ್ಲಿ ಅವರ ಹೆಸರೂ ಹಾಕುತ್ತೇನೆ.

ಒಂದು ಮಗುವಿನ ಉತ್ತರವನ್ನು ಎಲ್ಲಿ ಬರೆಯಬೇಕು ಅಂತ ಮಾತ್ರ ಗೊತ್ತಾಗಲಿಲ್ಲ. ಮರಾಟಿ ಮನೆಯ ಹುಡುಗಿ. ಬೆಕ್ಕು ಒಂದು ಬೀಜ ಕದ್ದು ಅಕ್ಕನ ಸೆರಗಿನ ಹಿಂದೆ ಹೋಯಿತು. "ಈಗ ಯಾವುದರಲ್ಲಿ ಜಾಸ್ತಿ ಇದೆ?" ಅಂತ ಕೇಳಿದರೆ ಅವಳು ಸಾಲಿನ ಕಡೆ ನೋಡಲೇ ಇಲ್ಲ. ಎದ್ದು ಹೋಗಿ ಸೆರಗು ಎತ್ತಿದಳು, ಕಾಲುಚೀಲದ ಬಾಯಿಂದ ಬೀಜ ಬಿಡಿಸಿಕೊಂಡು ಬಂದು ಅದರ ಜಾಗದಲ್ಲಿ ಇಟ್ಟಳು. ಆಮೇಲೆ ಕೂತು, "ಈಗ ಕೇಳಿ" ಅಂದಳು.